ಐದನೆಯ ಅಧ್ಯಾಯದ ಸಾವು

“ಹೀಗೆ ಸಾವೇ ಆಕೆಯ ಕೊನೆಯ ಕೃತಿಯಾಗುತ್ತದೆ” ಎಂದು ಬಚ್ಚಲುಮನೆಯ ಕನ್ನಡಿಗೆ ಹೇಳಿ ಅವನು ತನ್ನ ಮುಖವನ್ನೇ ನೋಡಿಕೊಂಡ. ವಾಕ್ಯ ಚೆನ್ನಾಗಿತ್ತು. ಜರ್ಮನ್‌ನಲ್ಲಿ ಇನ್ನೂ ಚೆನ್ನಾಗಿತ್ತು. ಸಭೆ ಇಲ್ಲಿ ಉಸಿರು ಬಿಗಿಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಮತ್ತೊಮ್ಮೆ ಹೇಳಿದ, ಈ ಸಲ ಹುಬ್ಬು ತುಸು ಏರಿಸಿ.

ಚಿಲಕ ತೆಗೆದರೆ ಬಾಗಿಲ ಹೊರಗೆ ಅಮ್ಮ. ಹೆಗಲ ಮೇಲೆ ಟವೆಲು, ಕೈಯಲ್ಲಿ ಸೋಪಿನ ಡಬ್ಬಿ.

“ಎಷ್ಟೊತ್ತಿಂದ ನಿಂತಿದೀಯ? ಬಾಗಿಲು ತಟ್ಟಬಾರದಾ?”

ಅಮ್ಮ ಮಾತಾಡದೆ ಅವನನ್ನು ದಾಟಿಕೊಂಡು ಒಳಗೆ ಹೋದಳು.

ಅಮ್ಮ ಮಾತು ನಿಲ್ಲಿಸಿದ್ದು ಅಪ್ಪ ಹೋದ ಮೇಲೋ, ಈ ಮನೆಗೆ ಬಂದ ಮೇಲೋ ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಪೂರಾ ನಿಲ್ಲಿಸಿದ್ದಳೆಂದಲ್ಲ. ಹೂಂ ಅನ್ನುತ್ತಿದ್ದಳು, ಬೇಡ ಅನ್ನುತ್ತಿದ್ದಳು. ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಏನೂ ಇಲ್ಲ ಎಂದರು. ಏನೂ ಇಲ್ಲ ಎಂದ ಮೇಲೆ ಕೇಳುವುದೇನಿದೆ ಎಂದು ಅವನೂ ಬಿಟ್ಟ. ಮೌನದ ವಿಷಯದಲ್ಲಿ ಅವನಿಗೆ ಬೇರೆ ಕೆಲಸವಿತ್ತು.

ಬೇರೆ ಕೆಲಸ ಎಂದರೆ ಎಂಟು ವರ್ಷದಿಂದ ಬರೆಯುತ್ತಿದ್ದ ಪಿಎಚ್‌ಡಿ ಪ್ರಬಂಧ. ಜರ್ಮನ್ ಭಾಷೆಯಲ್ಲಿ ಮೂರೇ ಮೂರು ಸಣ್ಣ ಕಾದಂಬರಿ ಬರೆದು, ಆಮೇಲೆ ಒಂದಕ್ಷರವನ್ನೂ ಬರೆಯದೆ ತೀರಿಕೊಂಡ ಒಬ್ಬ ಲೇಖಕಿ. ಆಕೆ ಬರೆದದ್ದರ ಬಗ್ಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಬರೆಯದೆ ಇದ್ದದ್ದರ ಬಗ್ಗೆ ಅವನು ಐದು ಅಧ್ಯಾಯ ಬರೆದಿದ್ದ. ಐದನೆಯದು ಆಕೆಯ ಸಾವಿನ ಕುರಿತು. ಅದೇ ಕಿರೀಟ ಎಂದು ಗೈಡು ಹೇಳಿದ್ದರು.

ಇವತ್ತು ವಿಶ್ವವಿದ್ಯಾಲಯದ ಜರ್ಮನ್ ವಿಭಾಗದಲ್ಲಿ ಅದನ್ನು ಎಲ್ಲರ ಮುಂದೆ ಓದಬೇಕು. ಸಮಿತಿ ಒಪ್ಪಿದರೆ ಪ್ರಬಂಧ ಸಲ್ಲಿಸಬಹುದು. ಒಪ್ಪದಿದ್ದರೆ ಈ ವರ್ಷಕ್ಕೆ ನೋಂದಣಿ ರದ್ದು. ನೋಂದಣಿ ಹೋದರೆ ಅಲ್ಲೇ ಪಾಠ ಹೇಳುವ ಕೆಲಸವೂ ಹೋಯಿತು. ಆ ಕೆಲಸವಾದರೂ ಎಂಥದು, ಪ್ರತಿವರ್ಷ ಕೈಕಟ್ಟಿ ನಿಂತು ಮುಂದುವರಿಸಿಕೊಳ್ಳುವಂಥದು. ಆದರೂ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿತ್ತು.

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

“ಇವತ್ತಿಗೆ ಮುಗಿಯುತ್ತಲ್ವಾ?”

“ಇವತ್ತು ಬರೀ ಭಾಷಣ. ಸಬ್ಮಿಷನ್ ಆಮೇಲೆ.”

“ಅಂದ್ರೆ ಮುಗಿಯಲ್ಲ.”

“ಮುಗಿದ ಹಾಗೇ.”

“ನಿಮ್ಮ ಆ ಪುಣ್ಯಾತ್ಗಿತ್ತಿ ಮೂರು ಪುಸ್ತಕಕ್ಕೇ ಸಾಕಪ್ಪಾ ಅಂತ ನಿಲ್ಲಿಸಿಬಿಟ್ಲು ನೋಡಿ. ನೀವು ಯಾವಾಗ ನಿಲ್ಲಿಸ್ತೀರಿ?” ಎಂದು ನಕ್ಕು, ಅವನು ನಗಲಿಲ್ಲವೆಂದು ಗೊತ್ತಾದ ಮೇಲೆ, “ಒಳ್ಳೇದಾಗ್ಲಿ ರೀ” ಎಂದು ಹೊರಟಳು. 

*

ವಿಭಾಗದ ಮೊಗಸಾಲೆಯಲ್ಲಿ ಬಣ್ಣದ ಕಾಗದ ಅಂಟಿಸುತ್ತಿದ್ದರು. ಇವತ್ತೇ ವಿದ್ಯಾರ್ಥಿಗಳ ಜರ್ಮನ್ ದಿನ. ಹಾಡು, ರಸಪ್ರಶ್ನೆ, ಒಂದು ನಾಟಕ. ಸಂಶೋಧನಾ ಭಾಷಣಕ್ಕೆ ಜನ ಬರುವುದಿಲ್ಲವೆಂದು ಎರಡನ್ನೂ ಒಂದೇ ದಿನ ಇಡುವ ಪದ್ಧತಿ ಗೈಡಿನದು. ಮೊದಲು ಭಾಷಣ, ಬಾಗಿಲು ಮುಚ್ಚಿ. ಆಮೇಲೆ ಬಿಸ್ಕತ್ತು, ಚಹಾ, ನಾಟಕ. ಮಕ್ಕಳು ಬಿಸ್ಕತ್ತಿನ ಆಸೆಗೆ ಮೌನದ ಸೌಂದರ್ಯಮೀಮಾಂಸೆ ಕೇಳಿಸಿಕೊಳ್ಳಬೇಕು.

“ಅಡಿಟಿಪ್ಪಣಿ ಬಂದ್ರು, ಅಡಿಟಿಪ್ಪಣಿ” ಎಂದು ಏಣಿಯ ಮೇಲಿದ್ದ ಒಬ್ಬಳು ಕೆಳಗಿನವಳಿಗೆ ಪಿಸುಗುಟ್ಟಿದಳು. ಅದು ಅವನ ಅಡ್ಡಹೆಸರು. ಕೇಳಿಸದವನ ಹಾಗೆ ನಡೆಯುವುದು ಅವನಿಗೆ ಅಭ್ಯಾಸವಾಗಿತ್ತು.

ಗೈಡನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ವಿಭಾಗ ಕಟ್ಟಿದವರು, ಬರುವ ವರ್ಷ ನಿವೃತ್ತರಾಗುವವರು. ಯೌವನದಲ್ಲಿ ಜರ್ಮನಿಯಲ್ಲಿ ಕಳೆದ ಒಂದು ಚಳಿಗಾಲವನ್ನು ಅವರು ಇನ್ನೂ ಖರ್ಚು ಮಾಡುತ್ತಿದ್ದರು. ಅಲ್ಲಿ ಭಾಷಣ ಮುಗಿದರೆ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ ಎಂದು ಹೇಳಿ ಇಲ್ಲೂ ಅದನ್ನೇ ರೂಢಿಗೆ ತಂದಿದ್ದರು. ಮರದ ಮೇಜುಗಳಿದ್ದ ಕಾಲದಲ್ಲಿ ಅದಕ್ಕೊಂದು ಗಾಂಭೀರ್ಯವಿತ್ತು. ಈಗ ತಗಡಿನ ಬೆಂಚು. ಕುಟ್ಟಿದರೆ ಡಬ್ಬ ಬಡಿದ ಸದ್ದು.

“ಗಾಬರಿಯಾಗ್ಬೇಡ. ಐದನೇ ಅಧ್ಯಾಯ ನಿಧಾನವಾಗಿ ಓದು. ಅಲ್ಲೇ ಜೀವ ಇರೋದು” ಎಂದರು ದೊಡ್ಡ ಸರ್.

“ಆಗ್ಲಿ ಸರ್.”

“ಜರ್ಮನಿಯಿಂದ ಅತಿಥಿ ಬಂದಿದಾರೆ. ಹುಡುಗಿ, ಚಿಕ್ಕ ವಯಸ್ಸು. ನಾಟಕ ನೋಡೋಕೆ ಬಂದಿದ್ದು. ಭಾಷಣಕ್ಕೂ ಕೂರ್ತಾರಂತೆ. ಒಳ್ಳೇದೇ ಆಯ್ತು.”

ಒಳ್ಳೆಯದೇ ಆಯಿತೆಂದು ಅವನಿಗೂ ಅನ್ನಿಸಿತು.

*

ಅವನು ಚೆನ್ನಾಗಿ ಓದಿದ. ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಮೂರನೆಯ ಅಧ್ಯಾಯದಲ್ಲಿ ಕಣ್ಣು ಮುಚ್ಚಿದವರು ಐದನೆಯದರಲ್ಲಿ ತೆರೆದರು. ‘ಸಾವೇ ಆಕೆಯ ಕೊನೆಯ ಕೃತಿ’ ಎನ್ನುವಲ್ಲಿ ಹುಬ್ಬು ಏರಿಸುವುದೂ ಮರೆಯಲಿಲ್ಲ. ಸಭೆ ನಿಜವಾಗಿಯೂ ಉಸಿರು ಬಿಗಿಹಿಡಿಯಿತು. ಅಥವಾ ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಒಡೆಯುವ ಸದ್ದಿಗೆ ಕಿವಿಗೊಟ್ಟಿತ್ತು.

ಓದು ಮುಗಿಯಿತು. ದೊಡ್ಡ ಸರ್ ಗೆಣ್ಣು ಮಡಚಿ ಕುಟ್ಟಲು ಕೈಯೆತ್ತುವಷ್ಟರಲ್ಲಿ ಅತಿಥಿ ಕೈಯೆತ್ತಿದಳು.

“ಕ್ಷಮಿಸಿ” ಎಂದು ಜರ್ಮನ್‌ನಲ್ಲಿ ಮೆಲ್ಲಗೆ ಕೇಳಿದಳು, “ಅವರು ತೀರಿಕೊಂಡದ್ದು ಯಾವಾಗ ಅಂದಿರಿ?”

ಅವನು ಇಸವಿ ಹೇಳಿದ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಅವಳ ಮುಖ ಕೆಂಪಾಯಿತು. ತಪ್ಪು ತನ್ನದೇ ಎಂಬಂತೆ ಸುತ್ತ ನೋಡಿದಳು. “ಬೇರೆ ಯಾರಾದರೂ ಇರಬಹುದೇನೋ. ಆದರೆ ಅದೇ ಹೆಸರಿನವರು, ಅದೇ ಮೂರು ಕಾದಂಬರಿ ಬರೆದವರು, ನಮ್ಮ ಕೆಳಗಿನ ಮನೆಯಲ್ಲೇ ಇದ್ದಾರೆ. ಹೊರಡುವ ಹಿಂದಿನ ದಿನ ಕೂಡ, ಸೈಕಲ್ ಮೆಟ್ಟಿಲ ಹತ್ತಿರ ನಿಲ್ಲಿಸಿದ್ದಕ್ಕೆ ನನ್ನನ್ನು ಬೈದರು.”

ಅರ್ಥವಾದ ಮಕ್ಕಳು ಅರ್ಥವಾಗದವರಿಗೆ ಹೇಳಿದರು. ಸದ್ದು ಹಿಂದಿನ ಸಾಲಿನವರೆಗೂ ಹೋಗಿ ನಗುವಾಗಿ ವಾಪಸು ಬಂತು.

ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು, ಆ ಮುದುಕಿಯ ಮೇಲೆ. ಎಂಟು ವರ್ಷ ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರೆ ಇವಳು ಅಲ್ಲಿ ಹಾಯಾಗಿ ಸೈಕಲ್ ಕಾಯುತ್ತಿದ್ದಳಲ್ಲ!

ಆ ಇಸವಿ ಬಂದದ್ದು ದೊಡ್ಡ ಸರ್ ಬಹಳ ಹಿಂದೆ ಬರೆದ ಒಂದು ಲೇಖನದಿಂದ. ಅದರ ಅಡಿಟಿಪ್ಪಣಿಯಲ್ಲಿ, ಸಣ್ಣ ಅಕ್ಷರದಲ್ಲಿ. ಗೈಡು ಬರೆದದ್ದನ್ನು ಮತ್ತೆ ಪರೀಕ್ಷಿಸುವುದೆಂದರೆ ಅವರ ಜೇಬು ತಡಕಿದ ಹಾಗೆ. ವಿಭಾಗದಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ಒಮ್ಮೆ ಮಾತ್ರ ಯಾವುದೋ ಜಾಲತಾಣದಲ್ಲಿ ಆಕೆಯ ಹುಟ್ಟಿದ ವರ್ಷ, ಅದರ ಮುಂದೊಂದು ಅಡ್ಡಗೆರೆ, ಗೆರೆಯ ಮುಂದೆ ಖಾಲಿ ಜಾಗ ನೋಡಿದ್ದ. ಅವರು ಸೋಮಾರಿಗಳು, ತುಂಬಿಸಿಲ್ಲ ಎಂದುಕೊಂಡಿದ್ದ.

ಅವನು ದೊಡ್ಡ ಸರ್ ಕಡೆ ನೋಡಿದ. ಅವರು ಕನ್ನಡಕ ಒರೆಸುತ್ತಿದ್ದರು.

“ಸಂಶೋಧಕ ಆದವನು ಆಕರಗಳನ್ನ ತಾನೇ ಕಣ್ಣಾರೆ ನೋಡ್ಬೇಕು. ಇದನ್ನ ನಾನು ಮೊದಲಿಂದ ಹೇಳ್ತಾನೇ ಬಂದಿದೀನಿ” ಎಂದರು ಅವರು ಸಭೆಗೆ, ಕನ್ನಡಕಕ್ಕೆ.

‘ಸರ್, ಅದು ನಿಮ್ಮ ಲೇಖನ’ ಎಂಬ ಮಾತು ನಾಲಗೆಯ ತುದಿಗೆ ಬಂತು. ಅಲ್ಲೇ ಕೂತಿತು. “ಹೌದು ಸರ್” ಎಂದ.

ಪರೀಕ್ಷಕರಿಗೆ ಈಗ ಪೂರ್ತಿ ಎಚ್ಚರವಾಗಿತ್ತು. “ಬದುಕಿದಾರೆ ಅಂದ ಮೇಲೆ ಅವರನ್ನ ಮಾತಾಡಿಸದೆ ಪ್ರಬಂಧ ಹೇಗ್ರೀ ಒಪ್ಪೋದು? ಯಾಕೆ ಬರೆಯೋದು ನಿಲ್ಲಿಸಿದ್ರಿ ಅಂತ ಅವರನ್ನೇ ಕೇಳಿ. ಆ ಸಂದರ್ಶನ ಸೇರಿಸಿ ಕೊಡಿ. ಇಲ್ಲಾಂದ್ರೆ ನಾನಂತೂ ಸಹಿ ಹಾಕಲ್ಲ.”

ಅತಿಥಿಗೆ ಇದೆಲ್ಲ ಅನುವಾದವಾಯಿತು. ಅವಳ ಮುಖ ಅರಳಿತು. ತನ್ನಿಂದಾದ ಹಾನಿಯನ್ನು ತಾನೇ ತುಂಬಿಕೊಡುವ ದಾರಿ ಸಿಕ್ಕಿತಲ್ಲ. “ಅವರಿಗೆ ಬಹಳ ಸಂತೋಷವಾಗುತ್ತದೆ. ಯಾಕೆ ನಿಲ್ಲಿಸಿದಿರಿ ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ ಎಂದು ಯಾವಾಗಲೂ ಗೊಣಗುತ್ತಾರೆ. ಇವತ್ತೇ ತಿಳಿಸುತ್ತೇನೆ. ಸಂಜೆ ಅವರೇ ಫೋನ್ ಮಾಡಲಿ. ನಿಮ್ಮ ನಂಬರ್ ಕೊಡಬಹುದೇ?”

“ಕೊಡಿ” ಎಂದ. ಇನ್ನೇನು ಹೇಳುತ್ತಾನೆ?

“ಬೇಗ ಮಾತಾಡಿಬಿಡಿ. ಹೃದಯ ಸರಿಯಿಲ್ಲ ಅವರಿಗೆ. ಈ ಚಳಿಗಾಲ ದಾಟುವುದು ಕಷ್ಟ ಎಂದಿದ್ದಾರೆ ವೈದ್ಯರು” ಎಂದು ಅವಳು ದನಿ ತಗ್ಗಿಸಿ ಸೇರಿಸಿದಳು.

ಆ ಕ್ಷಣ ಅವನ ಎದೆಯಲ್ಲಿ ಏನೋ ಹಗುರವಾಯಿತು. ಅದೇನೆಂದು ತಿಳಿದೊಡನೆ ಅವನು ಮುಂದಿದ್ದ ಹಾಳೆಗಳನ್ನು ಜೋಡಿಸತೊಡಗಿದ. ದೊಡ್ಡ ಸರ್ ಬೆಂಚು ಕುಟ್ಟಿದರು. ಮಕ್ಕಳೆಲ್ಲ ಕುಟ್ಟಿದರು, ಹಿಂದಿನ ಸಾಲಿನವರು ಎರಡೂ ಕೈಯಲ್ಲಿ.

*

“ಬಾಗಿಲು ಹಾಕು” ಎಂದರು ದೊಡ್ಡ ಸರ್, ತಮ್ಮ ಕೋಣೆಯಲ್ಲಿ.

ಹಾಕಿದ. ಅವರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ತಪ್ಪಾಯಿತೆಂದು ಹೇಳಬಹುದು ಎಂದು ಅವನು ಕಾದ.

“ಅವರಿಗೆ ವಯಸ್ಸೆಷ್ಟು?”

“ತೊಂಬತ್ತರ ಹತ್ತಿರ ಇರ್ಬೇಕು ಸರ್.”

“ಗಟ್ಟಿ ಪಿಂಡ.” ಕಿಟಕಿಯಿಂದ ಮುಖ ತಿರುಗಿಸಿದರು. “ಹೃದಯದ್ದೇನೋ ತೊಂದರೆ ಅಂದ್ಲಲ್ಲ ಆ ಹುಡುಗಿ.”

“ಹೌದು ಸರ್.”

“ಸಬ್ಮಿಷನ್‌ಗೆ ವರ್ಷದ ಕೊನೆವರೆಗೂ ಟೈಮಿದೆ. ಐದನೇ ಅಧ್ಯಾಯ ಈಗ ಮುಟ್ಟಬೇಡ. ನೋಡೋಣ.”

ಅವನು ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ತಿರುಗಿ ನೋಡಿದ.

“ಫೋನ್ ಬಂದ್ರೆ ಎತ್ತಬೇಡ. ಎರಡು ಮೂರು ಸಲ ಮಾಡ್ತಾರೆ, ವಯಸ್ಸಾದವರು, ಬಿಟ್ಬಿಡ್ತಾರೆ. ಲೇಖಕಿಯನ್ನು ಸಂಪರ್ಕಿಸುವ ಪ್ರಯತ್ನ ಫಲಿಸಲಿಲ್ಲ ಅಂತ ಕೆಳಗೊಂದು ಸಾಲು ಹಾಕು. ಪರೀಕ್ಷಕರನ್ನ ನಾನು ನೋಡ್ಕೋತೀನಿ. ಎತ್ತಿ ಮಾತಾಡಿದೆ ಅನ್ಕೋ, ಆಯಮ್ಮ ಗಂಡನಿಗೆ ಇಷ್ಟ ಇರ್ಲಿಲ್ಲ ಅದಕ್ಕೆ ನಿಲ್ಲಿಸಿದೆ ಅಂತಲೋ, ಕಣ್ಣು ಮಂಜಾಯ್ತು ಅಂತಲೋ ಅಂದುಬಿಟ್ರೆ? ನಿನ್ನ ಐದು ಅಧ್ಯಾಯ ಏನಾಗ್ಬೇಕು?”

“ಮಣ್ಣುಪಾಲು ಸರ್.”

“ಮತ್ತೆ?”

ಅವನು ತಲೆಯಾಡಿಸಿದ. ಇಷ್ಟು ಹೊಲಸು ಮಾತನ್ನು ಇಷ್ಟು ಸಲೀಸಾಗಿ ಆಡುತ್ತಾರಲ್ಲ ಎಂದು ಅಸಹ್ಯಪಡಬೇಕೆಂದಿದ್ದ. ಆಗಲಿಲ್ಲ. ಸಭೆಯಲ್ಲಿ ನಿಂತಾಗಲೇ ತಾನು ಇದನ್ನೆಲ್ಲ ಯೋಚಿಸಿ ಮುಗಿಸಿದ್ದ. ಆಕೆ ಸತ್ತರೆ ಸಾಕಿತ್ತು. ಬದುಕಿನಲ್ಲಿ ಇಷ್ಟು ನೇರವಾಗಿ ಅವನು ಏನನ್ನೂ ಬಯಸಿರಲಿಲ್ಲ.

ನಾಟಕಕ್ಕೆ ಕೂರಲೇಬೇಕಾಯಿತು, ಅತಿಥಿಯ ಪಕ್ಕದಲ್ಲಿ. ರೈಲು ತಪ್ಪಿಸಿಕೊಂಡ ಒಬ್ಬ ಪ್ರವಾಸಿಯ ಕಥೆ. ಕೊನೆಯ ದೃಶ್ಯದಲ್ಲಿ ನಿಲ್ದಾಣದ ಬೆಂಚಿನ ಮೇಲೆ ಮಲಗಿದ ಮುದುಕಿಯನ್ನು ನೋಡಿ, ಸತ್ತಿದ್ದಾಳೆಂದುಕೊಂಡು ಪೊಲೀಸಿನವನು ಟೋಪಿ ತೆಗೆಯಬೇಕು. ತೆಗೆದ. ಮುದುಕಿಯ ವೇಷದ ಹುಡುಗಿ ನಾಟಕದಲ್ಲಿಲ್ಲದ ಮಾತು ಸೇರಿಸಿ ಎದ್ದು ಕೂತಳು: “ಅಯ್ಯೋ, ನಾನಿನ್ನೂ ಬದುಕಿದೀನಿ! ಅಡಿಟಿಪ್ಪಣಿ ನೋಡ್ಬೇಡ, ನನ್ನ ನೋಡು!”

ಸಭೆ ಬಿದ್ದು ಬಿದ್ದು ನಕ್ಕಿತು. ದೊಡ್ಡ ಸರ್ ಕಣ್ಣೊರೆಸಿಕೊಂಡು ನಕ್ಕರು. ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವನೂ ನಕ್ಕ. ಎಲ್ಲರೂ ಬೆಂಚು ಕುಟ್ಟುವಾಗ ತಾನೂ ಕುಟ್ಟಿದ. ಗೆಣ್ಣು ನೋಯುವವರೆಗೂ ಕುಟ್ಟಿದ.

*

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಹೆಂಡತಿ ಆಗತಾನೆ ಬಂದು ಮುಖ ತೊಳೆದಿದ್ದಳು.

“ಏನಾಯ್ತು?”

“ಆಯ್ತು.”

“ಆಯ್ತು ಅಂದ್ರೆ ಒಳ್ಳೇದಾಯ್ತಾ?”

“ಸಣ್ಣಪುಟ್ಟ ತಿದ್ದುಪಡಿ ಹೇಳಿದಾರೆ.”

ಅವಳು ಅವನ ಮುಖ ನೋಡಿದಳು. ಲ್ಯಾಬಿನಲ್ಲಿ ದಿನವೂ ಹೆದರಿದ ಮುಖಗಳನ್ನು ನೋಡುವವಳು. ಇನ್ನೊಂದು ಪ್ರಶ್ನೆ ಕೇಳುತ್ತಾಳೆ ಎಂದುಕೊಂಡ. ಕೇಳಿದ್ದರೆ ಹೇಳಿಬಿಡುತ್ತಿದ್ದನೋ ಏನೋ. ಅವಳು ಬುಟ್ಟಿ ಎತ್ತಿಕೊಂಡು ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಳು.

ಫೋನು ಮಿಣುಕಿತು. ಅತಿಥಿಯ ಸಂದೇಶ. ‘ಅಜ್ಜಿಗೆ ಹೇಳಿದೆ. ಖುಷಿಯಲ್ಲಿ ಅತ್ತುಬಿಟ್ಟರು. ಈಗಲೇ ಮಾಡುತ್ತಾರಂತೆ.’

ಅವನು ಫೋನನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿ, ದೂರ ಸರಿದು ಗೋಡೆಗೆ ಒರಗಿ ನಿಂತ. ಮೇಜಿನ ಆ ತುದಿಯಲ್ಲಿ ಅಮ್ಮ ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದಳು.

ಫೋನು ಬಡಿದುಕೊಂಡಿತು. ಮೇಜಿನ ಮೇಲೆ ಗುರ್‍ರೆಂದು ತೆವಳಿತು. ಅಮ್ಮ ತಲೆಯೆತ್ತಿ ಫೋನನ್ನು ನೋಡಿದಳು, ಅವನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ. ನಿಂತಿತು. ಸದ್ಯ ಎಂದುಕೊಂಡ.

ಮತ್ತೆ ಬಡಿದುಕೊಂಡಿತು.

“ಬಿಡಮ್ಮ, ಯಾರೋ ಏನೋ ಮಾರೋರು” ಎಂದ.

ಅಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು, ಫೋನೆತ್ತಿ ಕಿವಿಗೆ ಹಿಡಿದಳು. ಅವನ ಫೋನನ್ನು ಅವಳು ಹಿಂದೆಂದೂ ಮುಟ್ಟಿದವಳಲ್ಲ.

“ಯಾರು?” ಎಂದಳು.

ದೊಡ್ಡ ಸರ್ ಹೇಳುವುದು ಎಲ್ಲಿ ತಪ್ಪಿಹೋಗುತ್ತದೋ ಎಂದು ಅವನು ಫೋನಿನ ದನಿ ಯಾವಾಗಲೂ ಜೋರು ಇಟ್ಟಿರುತ್ತಿದ್ದ. ಪ್ರತಿಯೊಂದು ಮಾತೂ ಕೇಳಿಸಿತು. ಒಣಗಿದ ದನಿ, ಮಾತಿನ ನಡುವೆ ಏದುಸಿರು. “ನನ್ನ ಬಗ್ಗೆ ಬರೆಯುತ್ತಿರುವುದು ನೀವಾ?” ಎಂದು ಜರ್ಮನ್‌ನಲ್ಲಿ ಕೇಳುತ್ತಿತ್ತು.

“ಹೂಂ” ಎಂದಳು ಅಮ್ಮ.

“ನಾನು ಸತ್ತುಹೋಗಿದ್ದೆನಂತೆ!” ಎಂದು ದನಿ ನಕ್ಕಿತು. ನಗು ಕೆಮ್ಮಾಯಿತು. ಬಹಳ ಹೊತ್ತು ಕೆಮ್ಮಿತು.

“ಕೆಮ್ಮು ಜೋರಾಗಿದೆಯಲ್ಲಮ್ಮ” ಎಂದಳು ಅಮ್ಮ. “ಬಿಸಿನೀರು ಕುಡೀರಿ. ಮನೇಲಿ ಯಾರೂ ಇಲ್ವಾ?”

ಅವನು ಬೆಚ್ಚಿಬಿದ್ದ. ಅಮ್ಮ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು! ದನಿ ಒಂದು ಕ್ಷಣ ತಡೆಯಿತು. ಇದು ತನ್ನ ಭಾಷೆಯಲ್ಲವೆಂದು ಅದಕ್ಕೆ ತಿಳಿದಿರಲೇಬೇಕು. ಆದರೂ ಕೆಳಗಿಡಲಿಲ್ಲ. ಮೆಟ್ಟಿಲ ಬಗ್ಗೆ ಹೇಳಿತು, ಸೈಕಲ್ ಬಗ್ಗೆ ಹೇಳಿತು. ಅಮ್ಮ ಹೂಂಗುಟ್ಟಿದಳು. ಹೂಂಗುಡುತ್ತಲೇ ಮಗನ ಕಡೆ ತಿರುಗಿದಳು. ಕರೆಯುವ ನೋಟವೇ ಅದು. ಬಾ, ತಗೋ, ನಿನಗೇ ಇರಬೇಕು.

ಎರಡೂ ಭಾಷೆ ಬಲ್ಲವನು ಆ ಮನೆಯಲ್ಲಿ ಅವನೊಬ್ಬನೇ. ಅವನು ಇಲ್ಲವೆಂದು ತಲೆಯಾಡಿಸಿದ. ಕೈಯನ್ನೂ ಆಡಿಸಿದ. ಇಲ್ಲ ಎನ್ನು, ನಾನಿಲ್ಲ ಎನ್ನು.

ಅಮ್ಮ ಅವನನ್ನೇ ನೋಡುತ್ತ ಫೋನಿಗೆ ಹೇಳಿದಳು: “ಇಲ್ಲಮ್ಮ. ಅವನು ಇಲ್ಲ.” ಆಮೇಲೆ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಸರಿಯಾಗಿ ಕೂತಳು. “ಪರವಾಗಿಲ್ಲ, ನೀವು ಹೇಳಿ. ನಾನು ಕೇಳ್ತಾ ಇದೀನಿ.”

ದನಿಗೆ ಏನು ಅರ್ಥವಾಯಿತೋ. ಒಂದು ಉದ್ದ ಉಸಿರು ಎಳೆದುಕೊಂಡಿತು. ಹೇಳಬೇಕೆಂದು ಎಷ್ಟೋ ಕಾಲದಿಂದ ಜೋಡಿಸಿಟ್ಟುಕೊಂಡ ಮಾತಿನ ಹಾಗೆ, ಒಂದೊಂದೇ ಪದ ಬಿಡಿಸಿ, “ನಾನು ಬರೆಯುವುದನ್ನು ನಿಲ್ಲಿಸಿದ್ದು ಯಾಕೆ ಅಂದರೆ” ಎಂದಿತು.

ಅವನು ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿಕೊಂಡ. ನಲ್ಲಿಯನ್ನು ಪೂರ್ತಿ ತಿರುಗಿಸಿದ. ನೀರು ಬಕೆಟ್ಟಿಗೆ ಧೋ ಎಂದು ಬಿತ್ತು. ಅದರ ಸದ್ದಿನಲ್ಲಿ ಬೇರೆ ಏನೂ ಕೇಳಿಸಲಿಲ್ಲ. ಕನ್ನಡಿಯಲ್ಲಿ ಬೆಳಗಿನ ಮುಖವೇ ಇತ್ತು. ಹುಬ್ಬು ಏರಿಸಿ ನೋಡಿದ, ಏರಿತು.

ಬಕೆಟ್ ತುಂಬಿತು. ನೀರು ಅಂಚು ದಾಟಿ ಕಾಲು ತೋಯಿಸಿತು, ಬಾಗಿಲ ಕಡೆ ಹರಿಯಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆಯೊಂದಿತ್ತು. ಅದರ ನಡುವೆ ಎರಡು ಪಾದಗಳ ನೆರಳು ಬಂದು ನಿಂತಿತು. ಬಾಗಿಲು ತಟ್ಟಲಿಲ್ಲ.

ನೀರು ಸಂದಿಯಿಂದ ಹೊರಗೆ ಹೋಗುತ್ತಿತ್ತು. ನೆರಳು ಹಿಂದೆ ಸರಿಯಲಿಲ್ಲ. ನಲ್ಲಿ ನಿಲ್ಲಿಸಬೇಕು ಎಂದುಕೊಂಡ, ನಿಲ್ಲಿಸಲಿಲ್ಲ. ನೀರಿನ ಸದ್ದಿನ ಅಡಿಯಿಂದ, ಬಾಗಿಲಿನ ಆಚೆ ಯಾರೋ ಚಾಚಿ ಹಿಡಿದ ಕೈಯಷ್ಟು ಎತ್ತರದಲ್ಲಿ, ಆ ಒಣಗಿದ ದನಿ ಅವನಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ, ಅಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುತ್ತಿತ್ತು.